ಕೀಂಯೋ, ಕಿಚಿಕಿಚಿಯೋ

ಗಿರಾಕಿ ಗಾಡಿಯಿಂದ ಇಳಿದು ಬಾಗಿಲು ಹಾಕುವ ಮೊದಲೇ ಮೆಕ್ಯಾನಿಕ್ ಕಿವಿಯಣ್ಣನ ಪ್ರಶ್ನೆ ಎದುರಾಗುತ್ತಿತ್ತು. "ಹೇಗೆ ಕೂಗ್ತದೆ? ಬಾಯಲ್ಲಿ ಮಾಡಿ ತೋರಿಸಿ."

ಎಂಥೆಂಥವರೋ ಆ ಪ್ರಶ್ನೆಗೆ ತಬ್ಬಿಬ್ಬಾಗಿದ್ದಾರೆ. ಕೋಟು ಹಾಕಿದ ವಕೀಲರು, ಬ್ಯಾಂಕಿನ ಮ್ಯಾನೇಜರಮ್ಮ, ಮನೆಯಲ್ಲೂ ಬಾಯಿ ಬಿಡದ ಮೇಷ್ಟ್ರು. ಆಚೀಚೆ ಒಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡು, ಕೊನೆಗೆ ಒಬ್ಬರು "ಕೀಂಯ್" ಅನ್ನುತ್ತಿದ್ದರು, ಇನ್ನೊಬ್ಬರು "ಕಿಚಿಕಿಚಿಕಿಚಿ" ಅನ್ನುತ್ತಿದ್ದರು. ಮಾಡಿ ಮುಗಿಸಿದ ಮೇಲೆ ತಮಗೆ ತಾವೇ ನಗುತ್ತಿದ್ದರು. ಗಾಡಿ ಕೆಟ್ಟವರು ನಗುತ್ತಾ ಹೋಗುವ ಗ್ಯಾರೇಜುಗಳು ಹೆಚ್ಚಿಲ್ಲ, ಆ ಗ್ಯಾರೇಜಿನ ಹೆಸರು ಹರಡಿದ್ದಕ್ಕೆ ಅರ್ಧ ಕಾರಣ ಅದೇ.

ಹಾಗಂತ ಅದು ತಮಾಷೆಗೆ ಹುಟ್ಟಿದ ಪದ್ಧತಿಯಲ್ಲ. ಎಂಜಿನ್ನಿನ ಮುಂಭಾಗದಲ್ಲಿ ಒಂದು ರಬ್ಬರ್ ಬೆಲ್ಟು ಐದಾರು ಪುಲ್ಲಿಗಳನ್ನು ಸುತ್ತಿಕೊಂಡು ಓಡುತ್ತದಲ್ಲ, ಅದು ಉದ್ದಕ್ಕೆ "ಕೀಂಯ್" ಅಂತ ಎಳೆದರೆ ಬೆಲ್ಟ್ ಸಡಿಲವಾಗಿ ಜಾರುತ್ತಿದೆ. ತುಂಡು ತುಂಡಾಗಿ "ಕಿಚಿಕಿಚಿ" ಅಂದರೆ ಯಾವುದೋ ಪುಲ್ಲಿ ಸಾಲು ತಪ್ಪಿ ವಾರೆಯಾಗಿದೆ. "ಗೊರಗೊರ" ಅಂದರೆ ಪುಲ್ಲಿಯೊಳಗಿನ ಬೇರಿಂಗು ಒಣಗಿದೆ. ಇದು ಕಿವಿಯಣ್ಣ ಮೂವತ್ತು ವರ್ಷದ ಹಿಂದೆ ಕಟ್ಟಿಕೊಂಡ ಭಾಷೆ. ಬೇರೆ ಗ್ಯಾರೇಜಿನವರು ಜಾಬ್ ಕಾರ್ಡಿನ ದೂರಿನ ಖಾನೆಯಲ್ಲಿ ನಾಲ್ಕು ಸಾಲು ಗೀಚಿದರೆ ಇಲ್ಲಿ ಒಂದೇ ಒಂದು ಪದ ಬರೆದಿರುತ್ತಿತ್ತು. ಅದನ್ನು ಓದಿದವರಿಗೆ ಯಾವ ಸ್ಪ್ಯಾನರ್ ತೆಗೆದುಕೊಂಡು ಹೋಗಬೇಕು ಅನ್ನುವುದೂ ಗೊತ್ತಾಗುತ್ತಿತ್ತು.

ಮೊದಮೊದಲು ಬಾಯಲ್ಲಿ ಮಾಡಿ ತೋರಿಸುತ್ತಿದ್ದವನು ಅವನು, ಹೌದೋ ಅಲ್ಲವೋ ಅನ್ನುತ್ತಿದ್ದವರು ಗಿರಾಕಿಗಳು. ಈಗ ಮೂರು ವರ್ಷದಿಂದ ಅದು ತಿರುವುಮುರುವಾಗಿತ್ತು. ಯಾಕೆಂದು ಯಾರೂ ಕೇಳಿರಲಿಲ್ಲ. ವಯಸ್ಸಾದ ಮೇಲೆ ಕಿವಿಯಣ್ಣನಿಗೆ ಹುಡುಗಾಟಿಕೆ ಹೆಚ್ಚಾಗಿದೆ ಅಂದುಕೊಂಡಿದ್ದರು.

ನಿಜ ಏನೆಂದರೆ, ಕಿವಿಯಣ್ಣನಿಗೆ ತೆಳ್ಳನೆಯ ಸದ್ದು ಕೇಳುತ್ತಲೇ ಇರಲಿಲ್ಲ. ಮೊದಲು ಹೋದದ್ದು ಮೊಬೈಲಿನ ಅಲಾರಂ. ಆಮೇಲೆ ಮನೆಯ ಕರೆಗಂಟೆ. ಒಂದು ಬೆಳಿಗ್ಗೆ ಹಿತ್ತಲಲ್ಲಿ ನಿಂತು, "ಈ ಹಕ್ಕಿಗಳೆಲ್ಲ ಎಲ್ಲಿಗೆ ಹೋದ್ವು?" ಅಂತ ಕೇಳಿದಾಗ ಹೆಂಡತಿ ಅವನ ಮುಖವನ್ನೇ ನೋಡಿದಳು. ಅವಳ ತಲೆಯ ಮೇಲಿನ ಕೊಂಬೆಯಲ್ಲೇ ಹತ್ತಾರು ಹಕ್ಕಿಗಳು ಗಲಾಟೆ ಮಾಡುತ್ತಿದ್ದವು. ಕಿವಿಯ ಡಾಕ್ಟರು ಹೆಡ್‌ಫೋನ್ ಹಾಕಿ ಪರೀಕ್ಷೆ ಮಾಡಿ ಒಂದು ಕಾಗದ ಕೊಟ್ಟರು. ಅದರಲ್ಲಿ ಎಡಗಡೆ ನೆಟ್ಟಗೆ ಬಂದ ಗೆರೆ ಬಲಗಡೆ ಹೋಗುತ್ತಾ ಮೆಟ್ಟಿಲು ಇಳಿದಂತೆ ಕೆಳಗಿಳಿದಿತ್ತು. ದಪ್ಪ ಸದ್ದು ಚೆನ್ನಾಗಿ ಕೇಳುತ್ತದೆ, ಸಣ್ಣ ಸದ್ದು ಇನ್ನು ವಾಪಸ್ಸು ಬರುವುದಿಲ್ಲ ಅಂದರು. ಕಿವಿಯಣ್ಣ ಕಾಗದವನ್ನು ಎಂಟು ಮಡಿಕೆ ಮಡಚಿ ಟೂಲ್‌ಬಾಕ್ಸಿನ ಅಡಿಯ ತಟ್ಟೆಯ ಕೆಳಗೆ ಇಟ್ಟ.

ದಪ್ಪ ಸದ್ದುಗಳಲ್ಲಿ ಅವನಿಗೆ ಎಲ್ಲಕ್ಕಿಂತ ಸ್ಪಷ್ಟವಾಗಿ ಕೇಳುತ್ತಿದ್ದದ್ದು ಹೆಂಡತಿಯ ದನಿ. ಅವಳ ತವರಿನವರೆಲ್ಲರದ್ದೂ ಎದೆಯಾಳದಿಂದ ಬರುವ ಗಡಸು ದನಿ. ಚಿಕ್ಕಂದಿನಲ್ಲಿ ಅವಳನ್ನು "ಡ್ರಮ್ಮು" ಅಂತ ಗೇಲಿ ಮಾಡುತ್ತಿದ್ದರಂತೆ. ಪಕ್ಕದ ಕೋಣೆಯಲ್ಲಿ ಅವಳು ತನ್ನಷ್ಟಕ್ಕೆ ತಾನು ಗೊಣಗಿಕೊಂಡರೂ ಇವನಿಗೆ ಅಕ್ಷರ ಅಕ್ಷರ ಕೇಳುತ್ತಿತ್ತು. ವಯಸ್ಸಾದ ಗಂಡಂದಿರಲ್ಲಿ ಈ ಭಾಗ್ಯ ಯಾರಿಗಿದೆ ಅಂತ ಅವನು ಅವಳನ್ನು ರೇಗಿಸುತ್ತಿದ್ದ. ಕರೆಗಂಟೆ ಹೊಡೆದಾಗ ಅವಳು ಮಾತಾಡದೆ ಅವನ ತೊಡೆ ತಟ್ಟುತ್ತಿದ್ದಳು. ಅವನು ಎದ್ದು ಹೋಗಿ ತಾನೇ ಕೇಳಿಸಿಕೊಂಡವನ ಹಾಗೆ ಬಾಗಿಲು ತೆಗೆಯುತ್ತಿದ್ದ. ಅದು ಅವರಿಬ್ಬರ ನಡುವಿನ ಗುಟ್ಟು.

"ಇನ್ಯಾರಿಗೆ ಬೇಕಾದ್ರೂ ಹೇಳು," ಅಂದಿದ್ದ ಅವಳಿಗೆ. "ನಿನ್ನ ತಮ್ಮನ ಕಿವಿಗೆ ಮಾತ್ರ ಹಾಕ್ಬೇಡ."

ಅವಳ ತಮ್ಮನಿಗೆ ಗ್ಯಾರೇಜಿನಲ್ಲಿ "ತರಾತುರಿ" ಅಂತಲೇ ಹೆಸರು. ಊಟ, ಮಾತು, ನಡಿಗೆ, ಎಲ್ಲದರಲ್ಲೂ ಬೆನ್ನಿಗೆ ಬೆಂಕಿ ಬಿದ್ದವನ ಹಾಗೆ ಓಡಾಡುತ್ತಿದ್ದ. ಗ್ಯಾರೇಜು ಈಗ ಅವನದ್ದೂ ಕಿವಿಯಣ್ಣನದ್ದೂ ಪಾಲುದಾರಿಕೆ. ಗಾಡಿಯ ದೋಷ ತೋರಿಸುವ ಹೊಸ ಸ್ಕ್ಯಾನರು, ಹೊಸ ಲಿಫ್ಟು, ಗಾಜಿನ ಬಾಗಿಲಿನ ಆಫೀಸು ಅವನು ಬಂದ ಮೇಲೆ ಆದವು. ಉಳಿದಿದ್ದದ್ದು ಶಟರಿನ ಪಕ್ಕದ ಮೊದಲನೇ ಜಾಗ. ಗಾಡಿ ಮೊದಲು ಅಲ್ಲಿ ನಿಲ್ಲಬೇಕು, ಕಿವಿಯಣ್ಣ ಅದರ ಸದ್ದು ಕೇಳಿ ರೋಗ ಹೇಳಬೇಕು, ಆಮೇಲೆ ಒಳಗೆ. ತರಾತುರಿಗೆ ಆ ಜಾಗದಲ್ಲಿ ತನ್ನ ಸ್ಕ್ಯಾನರು ಬೇಕಿತ್ತು. ಭಾವನಿಗೆ ಹಿಂದಿನ ಗೋಡೌನಿನಲ್ಲಿ ಸಾಮಾನು ನೋಡಿಕೊಳ್ಳುವ ಕೆಲಸ ಕೊಡೋಣ ಅಂತ ಅವನು ಮೂರು ಸಲ ಹೇಳಿದ್ದ, ಮೂರು ಸಲವೂ ಕಿವಿಯಣ್ಣ ಅವನನ್ನು ಗಿರಾಕಿಗಳೆದುರೇ ಉಗಿದು ಕಳಿಸಿದ್ದ. ಆ ಜಾಗ ಬಿಟ್ಟರೆ ಕಿವಿಯಣ್ಣನಿಗೆ ಬೇರೆ ಏನೂ ಇರಲಿಲ್ಲ. ಹೆಸರೇ ಕಿವಿಯಣ್ಣ ಅಂತಿರುವಾಗ ಗೋಡೌನಿನ ಕತ್ತಲಲ್ಲಿ ಅವನನ್ನು ಯಾರು ಏನಂತ ಕರೆಯಬೇಕು?

ಉಗಿಯುವುದರಲ್ಲಿ ಅವನೇನೂ ಕಡಿಮೆಯಿರಲಿಲ್ಲ, ಅದನ್ನೂ ಹೇಳಿಬಿಡಬೇಕು. ತರಾತುರಿ ಕೆಲಸ ಕಲಿಯಲು ಬಂದ ಕಾಲದಲ್ಲಿ ಕಿವಿಯಣ್ಣ ಅವನ ಕಿವಿಯನ್ನು ಅಕ್ಷರಶಃ ಹಿಂಡಿದ್ದ. "ಯಾವ ಪುಲ್ಲಿ ಕೂಗ್ತಿದೆ ಹೇಳೋ! ಇದೇನು ಕಲ್ಲಿನ ಕಿವಿಯೋ ನಿಂದು?" ಅಂತ ಎಳೆದುಕೊಂಡು ಹೋಗಿ ಓಡುವ ಎಂಜಿನ್ನಿನ ಮೇಲೆ ಬಗ್ಗಿಸುತ್ತಿದ್ದ. ಮದುವೆಯಾದ ಹೊಸದರಲ್ಲಿ ತರಾತುರಿ ಹೆಂಡತಿಯನ್ನೂ ಮಾವನನ್ನೂ ಗ್ಯಾರೇಜು ತೋರಿಸಲು ಕರೆದುಕೊಂಡು ಬಂದಿದ್ದ. ಅವರೆದುರೇ ನಿಲ್ಲಿಸಿ, "ನಿನ್ನೆ ತಪ್ಪು ಹೇಳಿದ್ಯಲ್ಲ, ಆ ಸದ್ದು ಮಾಡು," ಅಂದ ಕಿವಿಯಣ್ಣ. ತರಾತುರಿ ಇಸ್ತ್ರಿ ಮಾಡಿದ ಅಂಗಿಯಲ್ಲಿ ನಿಂತು "ಕೀಂಯ್" ಅಂದ. "ಇನ್ನೂ ಜೋರಾಗಿ." ಇನ್ನೂ ಜೋರಾಗಿ ಅಂದ. ಭಾವ, ಭಾವಮೈದುನ ಅಂದಮೇಲೆ ಗೇಲಿ ಮಾಡುವ ಹಕ್ಕು ಇದ್ದೇ ಇರುತ್ತದೆ ಅಂತ ಎಲ್ಲರೂ ನಕ್ಕಿದ್ದರು. ತರಾತುರಿಯೂ ನಕ್ಕಿದ್ದ, ಆದರೆ ಮರೆತಿರಲಿಲ್ಲ.

ಕಿವಿ ಹೋದರೂ ಕಿವಿಯಣ್ಣನ ರೋಗನಿರ್ಣಯ ತಪ್ಪಿದ್ದಿಲ್ಲ. ಗಿರಾಕಿಯ ಬಾಯಿಯ "ಕೀಂಯ್" ಎಷ್ಟೇ ತೆಳ್ಳಗಿದ್ದರೂ ಮನುಷ್ಯನ ಗಂಟಲಿನದು, ಅದು ಅವನಿಗೆ ಕೇಳುತ್ತಿತ್ತು. ಅದರಿಂದ ಎಲ್ಲಿ ಶುರು ಮಾಡಬೇಕು ಅನ್ನುವುದು ಗೊತ್ತಾಗುತ್ತಿತ್ತು. ಆಮೇಲೆ ಎಂಜಿನ್ ಆರಿಸಿ, ಬೆಲ್ಟ್ ಬಿಚ್ಚಿ, ಒಂದೊಂದೇ ಪುಲ್ಲಿಯನ್ನು ಬೆರಳಿನಿಂದ ತಿರುಗಿಸುತ್ತಿದ್ದ. ಒಳ್ಳೆಯ ಬೇರಿಂಗು ಬೆಣ್ಣೆಯಲ್ಲಿ ತಿರುಗಿದಂತೆ ತಿರುಗುತ್ತದೆ. ಕೆಟ್ಟದ್ದರಲ್ಲಿ ಎಲ್ಲೋ ಒಂದು ಮರಳಿನ ಕಾಳು ಸಿಕ್ಕಿದ ಹಾಗೆ ಬೆರಳಿಗೆ ತಗಲುತ್ತದೆ. ಕೂದಲೆಳೆಯಷ್ಟು ವಾರೆಯನ್ನೂ ಅವನ ಹೆಬ್ಬೆರಳು ಹಿಡಿಯುತ್ತಿತ್ತು. "ನಿಮ್ಮ ಕಿವಿ ಈಗ ಕೈಗೆ ಇಳಿದಿದೆ ಬಿಡಿ," ಅನ್ನುತ್ತಿದ್ದಳು ಹೆಂಡತಿ.

ಹಾಗಿರುವಾಗ ಹಲ್ಲಿನ ಡಾಕ್ಟರೊಬ್ಬರ ಗಾಡಿ ಬಂತು.

ಆ ಬೆಳಿಗ್ಗೆ ಕಿವಿಯಣ್ಣ ಸ್ಕೂಟರ್ ನಿಲ್ಲಿಸಿ ಒಳಗೆ ಬಂದಾಗ ಅದು ಆಗಲೇ ಮೊದಲನೇ ಜಾಗದಲ್ಲಿ ನಿಂತಿತ್ತು. ಕಡು ನೀಲಿ ಬಣ್ಣದ, ಎಂಟು ಸಿಲಿಂಡರಿನ ಗಾಡಿ. ಎಂಜಿನ್ನಿನ ನೆತ್ತಿಯ ಮೇಲೆ ಸೂಪರ್‌ಚಾರ್ಜರ್ ಕೂತಿತ್ತು. ಗಾಳಿಯನ್ನು ಒತ್ತಿ ಒತ್ತಿ ಎಂಜಿನ್ನಿನ ಬಾಯಿಗೆ ತುರುಕುವ ಯಂತ್ರ ಅದು, ಅದನ್ನು ತಿರುಗಿಸಲು ಪ್ರತ್ಯೇಕ ಬೆಲ್ಟು, ಪ್ರತ್ಯೇಕ ಪುಲ್ಲಿಗಳು. ಸಾಧಾರಣ ಬೆಲ್ಟಿಗಿಂತ ಅದರ ಬಿಗಿ ಹೆಚ್ಚು, ವೇಗವೂ ಹೆಚ್ಚು. ಕಿವಿಯಣ್ಣ ಬಾನೆಟ್ಟಿನ ಮೇಲೆ ಅಂಗೈ ಇಟ್ಟ. ಬೆಚ್ಚಗಿತ್ತು. ಈಗ ತಾನೇ ಬಂದಿರಬೇಕು ಅಂದುಕೊಂಡ.

ಆ ಹೊತ್ತಿಗೆ ಇರಬಾರದಷ್ಟು ಜನ ಇದ್ದರು ಅಲ್ಲಿ. ಹತ್ತು ಗಂಟೆಯ ಮೊದಲು ಮುಖ ತೋರಿಸದ ಡೆಂಟಿಂಗ್ ಕೆಲಸದ "ಸುತ್ತಿಗೆ" ಗೋಡೆಗೆ ಒರಗಿ ನಿಂತಿದ್ದ. ಬೆಂಚಿನ ಮೇಲೆ ಮೂವರು ಗಿರಾಕಿಗಳು ಕಾಫಿ ಲೋಟ ಹಿಡಿದು ಕೂತಿದ್ದರು. ಡಾಕ್ಟರು ಕೀ ಹಿಡಿದು ಗಾಡಿಯ ಪಕ್ಕದಲ್ಲಿದ್ದರು. ತರಾತುರಿ ಕೈ ಒರೆಸಿಕೊಳ್ಳುತ್ತಾ ಬಂದ. ಅವನ ಮುಖದಲ್ಲಿ ಬೆಳಗಾಗೆದ್ದು ಇಷ್ಟೊಂದು ಗೆಲುವು ಕಂಡದ್ದು ಕಿವಿಯಣ್ಣನಿಗೆ ನೆನಪಿರಲಿಲ್ಲ.

"ಭಾವ, ಡಾಕ್ಟರ್ ಗಾಡಿ ಕೂಗ್ತಾ ಇದೆ. ನೀವೇ ಕೇಳ್ಬೇಕಂತೆ, ಬೇರೆಯವರು ಮುಟ್ಟೋ ಹಾಗಿಲ್ಲವಂತೆ."

"ಹಲ್ಲಿನ ಡಾಕ್ಟ್ರೂ ನಮ್ಮ ಸುತ್ತಿಗೇನೂ ಒಂದೇ ಜಾತಿ ಕಣೋ," ಅಂದ ಕಿವಿಯಣ್ಣ. "ಇಬ್ಬರದ್ದೂ ಡೆಂಟಿಂಗ್ ಕೆಲಸ." ಎಲ್ಲರೂ ನಕ್ಕರು, ಅಗತ್ಯಕ್ಕಿಂತ ಹೆಚ್ಚೇ ನಕ್ಕರು. "ಹೇಗೆ ಕೂಗ್ತದೆ ಡಾಕ್ಟ್ರೇ? ಬಾಯಲ್ಲಿ ಮಾಡಿ ತೋರಿಸಿ."

ಡಾಕ್ಟರು ತರಾತುರಿಯ ಕಡೆ ಒಮ್ಮೆ ನೋಡಿದರು. "ಕಿಚಿಕಿಚಿಕಿಚಿ," ಅಂದರು.

"ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡ್ಲೇನಾ?"

"ಹೌದು... ಯಾವಾಗ್ಲೂ."

ತರಾತುರಿ ಬಾನೆಟ್ ಎತ್ತಿದ, ಡಾಕ್ಟರು ಒಳಗೆ ಕೂತು ಸ್ಟಾರ್ಟ್ ಮಾಡಿದರು. ಸೂಪರ್‌ಚಾರ್ಜರಿನ ಗುಂಯ್‌ಗುಡುವ ದಪ್ಪ ಸದ್ದು ಎದೆಗೆ ಬಡಿಯಿತು. ಕಿವಿಯಣ್ಣ ತನ್ನ ಮೊಳದುದ್ದದ ಸ್ಕ್ರೂಡ್ರೈವರ್ ತೆಗೆದು, ತುದಿಯನ್ನು ಪುಲ್ಲಿಯ ನಡುವಿನ ಬೋಲ್ಟಿಗೆ ಆನಿಸಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡು ಬಗ್ಗಿದ. ಕಣ್ಣು ಮುಚ್ಚಿದ. ಅದು ಅವನ ಹಳೆಯ ಭಂಗಿ, ಫೋಟೋ ಹೊಡೆದು ಆಫೀಸಿನಲ್ಲಿ ತೂಗುಹಾಕಿದ್ದರು. ನಿಧಾನಕ್ಕೆ ತಲೆಯಾಡಿಸಿದ.

"ಹಾಂ. ಕೇಳಿಸ್ತಾ ಇದೆ."

"ನಿಜವಾಗ್ಲೂ ಕೇಳಿಸ್ತಾ ಇದೆಯಾ ಭಾವ?" ತರಾತುರಿ ಹತ್ತಿರ ಬಂದ. "ಸಣ್ಣಗಾ, ಜೋರಾ?"

"ಕಿವುಡನಿಗೂ ಕೇಳೋ ಹಾಗಿದೆ. ನೀರು ಕೊಡು."

ಬಾಟಲಿಯಿಂದ ಓಡುವ ಬೆಲ್ಟಿನ ಮೇಲೆ ಸ್ವಲ್ಪ ನೀರು ಸಿಂಪಡಿಸಿದ. ನೀರು ಬಿದ್ದಾಗ ಸದ್ದು ಅಡಗಿ ಮತ್ತೆ ಬಂದರೆ ಪುಲ್ಲಿ ವಾರೆ, ಜೋರಾದರೆ ಬೆಲ್ಟ್ ಸಡಿಲ, ಬದಲಾಗದಿದ್ದರೆ ಬೇರಿಂಗು. ಈ ಮೂರು ವರ್ಷ ಅವನು ಈ ಹಂತದಲ್ಲಿ ಎಂಜಿನ್ನಿನ ಕಡೆ ಕಿವಿ ಕೊಡುತ್ತಿರಲಿಲ್ಲ, ಸುತ್ತ ನಿಂತವರ ಮುಖ ನೋಡುತ್ತಿದ್ದ. ಇವತ್ತೂ ನೋಡಿದ. ಎಲ್ಲರ ಮುಖದಲ್ಲೂ ಒಮ್ಮೆಲೇ ಆಶ್ಚರ್ಯ. "ಅರೆ, ನಿಂತೇ ಹೋಯ್ತಲ್ಲ!" ಅಂದ ಸುತ್ತಿಗೆ. ಸ್ವಲ್ಪ ಹೊತ್ತಿಗೆ, "ಓಹೋ, ಮತ್ತೆ ಶುರುವಾಯ್ತು," ಅಂದರು ಬೆಂಚಿನ ಮೇಲಿನವರು.

ಕಿವಿಯಣ್ಣ ಬೆನ್ನು ನೆಟ್ಟಗೆ ಮಾಡಿದ. "ಬೆಲ್ಟಿಗೆ ದಾರಿ ತೋರಿಸೋ ಮೇಲಿನ ಐಡ್ಲರ್ ಪುಲ್ಲಿ. ಸಾಲು ತಪ್ಪಿದೆ. ಇದಕ್ಕೆ ಸ್ಕ್ಯಾನರ್ ಬೇಕಾ ಕೇಳಿ ನಮ್ಮ ಭಾವಮೈದುನನನ್ನ."

ತರಾತುರಿ ಜೇಬಿಗೆ ಕೈ ಹಾಕಿ ಒಂದು ಹಳೆಯ ಪುಲ್ಲಿ ತೆಗೆದ. ಕಪ್ಪು ಪ್ಲಾಸ್ಟಿಕ್ಕಿನ ಗಾಲಿ, ಅಂಚು ಸವೆದು ಹೊಳೆಯುತ್ತಿತ್ತು. ಅದನ್ನು ಭಾವನ ಅಂಗೈಯಲ್ಲಿಟ್ಟ.

"ಇದಾ ಭಾವ? ಇದನ್ನ ಬೆಳಿಗ್ಗೆ ಏಳು ಗಂಟೆಗೆ ಬಿಚ್ಚಿದ್ದೀನಿ. ಹೊಸದು ಹಾಕಿದ್ದೀನಿ. ಗಾಡಿ ಆಗ್ಲಿಂದ ಉಸಿರೂ ಬಿಟ್ಟಿಲ್ಲ. ನಿಮಗೆ ಏನು ಕೇಳಿಸ್ತು?"

ಆಗ ನಗು ಒಡೆಯಿತು. ಬೆಂಚಿನ ಮೇಲಿದ್ದವನೊಬ್ಬ ಕಾಫಿಯನ್ನು ಮೈಮೇಲೆ ಚೆಲ್ಲಿಕೊಂಡ. ಸುತ್ತಿಗೆ ಗೋಡೆ ಹಿಡಿದು ಕುಸಿದು ಕೂತ. ಗಾಡಿಯೊಳಗಿದ್ದ ಡಾಕ್ಟರೂ ನಕ್ಕರು, ನಕ್ಕು ಮುಖ ಆ ಕಡೆ ತಿರುಗಿಸಿಕೊಂಡರು. ಎಂಜಿನ್ನಿನ ಮೊರೆತದಲ್ಲಿ ಆ ನಗುಗಳ ಅರ್ಧ ಭಾಗ ಕಿವಿಯಣ್ಣನಿಗೆ ಕೇಳಲಿಲ್ಲ, ಬಾಯಿಗಳು ತೆರೆದು ಹಲ್ಲು ಕಾಣುತ್ತಿದ್ದದ್ದು ಮಾತ್ರ ಕಂಡಿತು. ಅದು ಕೇಳುವುದಕ್ಕಿಂತ ಕಡೆಯಾಗಿತ್ತು.

"ಮೂರು ವರ್ಷ ನಮ್ಮ ಕಿವಿ ಮೇಲೆ ಹೂವಿಟ್ರಿ ಭಾವ," ಅಂದ ತರಾತುರಿ. "ಇವತ್ತೊಂದು ದಿನ ನಾವು ಇಟ್ವಿ. ತಪ್ಪು ತಿಳ್ಕೋಬೇಡಿ. ನಾಳೆಯಿಂದ ನೀವು ಗೋಡೌನ್ ನೋಡ್ಕೊಳ್ಳಿ, ಅಲ್ಲಿ ಪುಲ್ಲಿಗಳು ಡಬ್ಬಿ ಒಳಗಿರ್ತವೆ, ಕೂಗಲ್ಲ." ಆಮೇಲೆ ಬಗ್ಗಿ, ಕಿವಿಯ ಹತ್ತಿರ ಬಾಯಿ ತಂದು, ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ ಕೂಗಿದ. "ಗೋ - ಡೌ - ನ್! ಕೇಳಿಸ್ತಾ?"

ಕಿವಿಯಣ್ಣನ ಕೈಯಲ್ಲಿ ಹಳೆಯ ಪುಲ್ಲಿ ಹಾಗೇ ಇತ್ತು. ಅವನ ಬೆರಳು ತನ್ನಷ್ಟಕ್ಕೆ ತಾನು ಅದನ್ನು ತಿರುಗಿಸಿತು. ಬೇರಿಂಗಿನಲ್ಲಿ ಮರಳಿನ ಕಾಳು ತಗಲಿತು. ಡಾಕ್ಟರು ಬಾಯಲ್ಲಿ "ಗೊರಗೊರ" ಅನ್ನಬೇಕಿತ್ತು, ಸುಳ್ಳು ಸದ್ದನ್ನೂ ತಪ್ಪಾಗಿ ಹೇಳಿಕೊಟ್ಟಿದ್ದಾನೆ ಈ ದಡ್ಡ ತರಾತುರಿ, ಅನ್ನಿಸಿತು ಅವನಿಗೆ. ಅಷ್ಟು ಅವಮಾನದಲ್ಲೂ ಅವನ ತಲೆಗೆ ಮೊದಲು ಬಂದದ್ದು ಅದು.

ಎಂಜಿನ್ ಆರಿಸಿ ಎಲ್ಲರೂ ಕಾಫಿಗೆ ಅಂತ ಆಫೀಸಿನ ಮುಂದಿನ ಮೇಜಿಗೆ ಹೋದರು. ಕಿವಿಯಣ್ಣ ಬಾನೆಟ್ಟಿನ ಕೆಳಗೇ ನಿಂತಿದ್ದ. ಹೋಗಲು ಬೇರೆ ಜಾಗ ಇರಲಿಲ್ಲ. ಕಣ್ಣು ಉರಿಯುತ್ತಿತ್ತು, ಅದು ತೋರಬಾರದು ಅಂತ ಕೈಗೆ ಕೆಲಸ ಕೊಟ್ಟ. ಪುಲ್ಲಿಗಳನ್ನು ಒಂದೊಂದಾಗಿ ಮುಟ್ಟುತ್ತಾ ಹೋದ. ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಸರಿಯಿತ್ತು. ಸೂಪರ್‌ಚಾರ್ಜರಿನ ಮೂತಿಯ ಪುಲ್ಲಿ ಸರಿಯಿತ್ತು. ಹೊಸ ಐಡ್ಲರಿನ ಮೇಲೆ ಹೆಬ್ಬೆರಳಿಟ್ಟು ಪಕ್ಕಕ್ಕೆ ಒತ್ತಿದಾಗ ಅದು ಅಲುಗಾಡಿತು.

ಮತ್ತೊಮ್ಮೆ ಒತ್ತಿದ. ಮತ್ತೆ ಅಲುಗಾಡಿತು. ಬೋಲ್ಟಿನ ತಲೆಯನ್ನು ಎರಡು ಬೆರಳಿನಲ್ಲಿ ಹಿಡಿದು ತಿರುಗಿಸಿದ. ತಿರುಗಿತು. ತರಾತುರಿ ಕೈಯಲ್ಲಿ ತಿರುಗಿಸಿ ಕೂರಿಸಿದ್ದಾನೆ, ಬಿಗಿ ಮಾಡಿಲ್ಲ. ಏನಾಗಿದೆ ಅನ್ನುವುದು ಅವನಿಗೆ ಕಣ್ಣಿಗೆ ಕಟ್ಟಿದ ಹಾಗೆ ಹೊಳೆಯಿತು. ಬೋಲ್ಟ್ ಕೂರಿಸುವ ಹೊತ್ತಿಗೆ ಗೇಟಿನಲ್ಲಿ ತನ್ನ ಸ್ಕೂಟರಿನ ಸದ್ದು ಬಂದಿರಬೇಕು, ತಮಾಷೆ ಕೆಡಬಾರದು ಅಂತ ಬಾನೆಟ್ ಮುಚ್ಚಿ ಓಡಿದ್ದಾನೆ. ಗೋಡೆಯಲ್ಲಿ, ಬೋಲ್ಟನ್ನು ಅಳತೆಗೆ ಬಿಗಿ ಮಾಡುವ ಟಾರ್ಕ್ ರೆಂಚಿನ ಪೆಟ್ಟಿಗೆ ಕೊಂಡಿ ಹಾಕಿದಂತೆಯೇ ಇತ್ತು.

ಇನ್ನೊಂದು ಸಲ ಎಂಜಿನ್ ಜೋರಾಗಿ ಓಡಿದರೆ ಈ ಪುಲ್ಲಿ ವಾರೆಯಾಗುತ್ತದೆ, ಬೆಲ್ಟ್ ಅಂಚಿಗೆ ಸರಿಯುತ್ತದೆ, ಆಮೇಲೆ ಅದು ಎಲ್ಲಿಗೆ ಹಾರುತ್ತದೋ ಯಾರಿಗೂ ಗೊತ್ತಿಲ್ಲ. ಇದನ್ನು ಯೋಚಿಸಬೇಕಾದ್ದೇ ಇರಲಿಲ್ಲ ಅವನಿಗೆ. ಹೋಗಿ ಪೆಟ್ಟಿಗೆ ತೆಗೆದ, ರೆಂಚಿಗೆ ಸಾಕೆಟ್ ಸಿಕ್ಕಿಸಿದ, ವಾಪಸ್ಸು ಬಂದು ಬೋಲ್ಟಿನ ಮೇಲೆ ಕೂರಿಸಿದ. ಒಂದೇ ಎಳೆತದ ಕೆಲಸ. ಅಷ್ಟರಲ್ಲಿ ಕಾಫಿ ಮೇಜಿನಿಂದ ತರಾತುರಿಯ ದನಿ ಬಂತು. ಅವನದ್ದೂ ಅಕ್ಕನ ಹಾಗೇ ಗಡಸು ದನಿ. ಒಂದಕ್ಷರವೂ ತಪ್ಪದೆ ಕೇಳಿತು.

"ನಂಗೆ ಹೇಗೆ ಗೊತ್ತಾಗ್ಬೇಕು ಡಾಕ್ಟ್ರೇ? ನಮ್ಮಕ್ಕನೇ ಹೇಳಿದ್ದು. ಬೆಲ್ ಹೊಡೆದ್ರೆ ಇವರಿಗೆ ಕೇಳಲ್ವಂತೆ. ಅಕ್ಕ ಪಕ್ಕದಲ್ಲಿ ಕೂತು ತೊಡೆ ತಟ್ಬೇಕಂತೆ, ಆಗ ಎದ್ದು ಹೋಗ್ತಾರಂತೆ. ಎತ್ತಿನ ಹಾಗೆ!"

ಯಾರೋ ಮೇಜು ಬಡಿದು ನಕ್ಕರು. ಯಾರೋ ತಮ್ಮ ತೊಡೆಯನ್ನೇ ತಟ್ಟಿಕೊಂಡು ತೋರಿಸಿದರು.

ಕಿವಿಯಣ್ಣ ರೆಂಚ್ ಹಿಡಿದುಕೊಂಡು ನಿಂತ. ಮೂವತ್ತು ವರ್ಷದ ಹೆಸರು ಹೋದಾಗಲೂ ಅವನಿಗೆ ಇಷ್ಟು ಉರಿದಿರಲಿಲ್ಲ. ತನ್ನ ಮನೆಯ ಸೋಫಾ, ತನ್ನ ಹೆಂಡತಿಯ ಅಂಗೈ, ಮಾತಿಲ್ಲದೆ ನಡೆಯುತ್ತಿದ್ದ ಆ ಒಂದು ಸಣ್ಣ ಉಪಕಾರ, ಎಲ್ಲವೂ ಕಾಫಿ ಲೋಟಗಳ ನಡುವೆ ಬಿದ್ದಿದ್ದವು. ಅವಳೇ ಕೊಟ್ಟಿದ್ದಳು. ಅವನು ರೆಂಚನ್ನು ಬೋಲ್ಟಿನಿಂದ ತೆಗೆದ. ಸಾಕೆಟ್ ಬಿಚ್ಚಿ, ಒರೆಸಿ, ಎರಡನ್ನೂ ಪೆಟ್ಟಿಗೆಯಲ್ಲಿಟ್ಟು ಕೊಂಡಿ ಹಾಕಿದ.

ಹತ್ತು ನಿಮಿಷಕ್ಕೆ ಇನ್ನೂ ಇಬ್ಬರು ಗಿರಾಕಿಗಳು ಬಂದರು. ಅವರಿಗೂ ನಾಟಕ ತೋರಿಸಬೇಕಿತ್ತು. ತರಾತುರಿ ಓಡಿ ಬಂದು ಕಿವಿಯಣ್ಣನ ಉದ್ದದ ಸ್ಕ್ರೂಡ್ರೈವರನ್ನೇ ಎತ್ತಿಕೊಂಡ. "ಡಾಕ್ಟ್ರೇ, ಸ್ಟಾರ್ಟ್ ಮಾಡಿ. ನಾನು ಹೇಳಿದಾಗ ಆಕ್ಸಿಲರೇಟರ್ ಒತ್ತಿ." ಆಮೇಲೆ ಭಾವನ ಕಡೆ ತಿರುಗಿ ಕಣ್ಣು ಮಿಟುಕಿಸಿದ. "ಏನ್ ಭಾವ, ಎಲ್ಲಾ ಸರಿ ಇದೆ ತಾನೇ?"

"ನನ್ನನ್ನ ಯಾಕೆ ಕೇಳ್ತೀಯಪ್ಪ," ಅಂದ ಕಿವಿಯಣ್ಣ. "ನಂಗೇನು ಕೇಳಿಸ್ತದೆ?"

ಅದಕ್ಕೂ ಎಲ್ಲರೂ ನಕ್ಕರು. ಭಾವ ತಮಾಷೆಯನ್ನು ತಮಾಷೆಯಾಗಿ ತೆಗೆದುಕೊಂಡರಲ್ಲ ಅಂತ ತರಾತುರಿಗೆ ನಿರಾಳವಾದದ್ದು ಅವನ ಮುಖದಲ್ಲೇ ಕಂಡಿತು. ಒಂದು ಕ್ಷಣ ಕಿವಿಯಣ್ಣನಿಗೆ ಅವನು ಇಸ್ತ್ರಿ ಮಾಡಿದ ಅಂಗಿಯಲ್ಲಿ ನಿಂತಿದ್ದ ಹುಡುಗನಾಗಿ ಕಂಡ. ಕಂಡರೂ ಬಾಯಿ ತೆರೆಯಲಿಲ್ಲ.

ಎಂಜಿನ್ ಗುಡುಗಿತು. ತರಾತುರಿ ಸ್ಕ್ರೂಡ್ರೈವರಿನ ತುದಿಯನ್ನು ಹೊಸ ಪುಲ್ಲಿಯ ಬೋಲ್ಟಿಗೆ ಆನಿಸಿ, ಹಿಡಿಯನ್ನು ಕಿವಿಗೆ ಒತ್ತಿ, ಸೊಂಟ ಬಾಗಿಸಿ, ಕಣ್ಣು ಮುಚ್ಚಿ ತಲೆಯಾಡಿಸಿದ. ತದ್ರೂಪ ಕಿವಿಯಣ್ಣ. "ಹಾಂ, ಕೇಳಿಸ್ತಾ ಇದೆ! ಕಿವುಡನಿಗೂ ಕೇಳೋ ಹಾಗಿದೆ! ಡಾಕ್ಟ್ರೇ, ಒತ್ತಿ!"

ಡಾಕ್ಟರು ಒತ್ತಿದರು. ಆಗ ಪುಲ್ಲಿ ವಾರೆಯಾಗಿ ನಿಜವಾಗಿಯೂ ಕೂಗತೊಡಗಿತು. ಕಿಚಿಕಿಚಿಕಿಚಿ. ಅಲ್ಲಿದ್ದವರೆಲ್ಲರಿಗೂ ಅದು ಕೇಳಿತು, ಆಮೇಲೆ ಎಲ್ಲರೂ ಅದನ್ನು ಒಪ್ಪಿಕೊಂಡರು. ಆದರೆ ಬೆಳಗಿನಿಂದ ಬಾಯಿಯ ಸದ್ದನ್ನೇ ಕೇಳಿ ಕೇಳಿ, ಇದೂ ಯಾರದೋ ಬಾಯಿಯದ್ದೇ ಅಂದುಕೊಂಡರು. ಸುತ್ತಿಗೆ ಡಾಕ್ಟರು ಅಂದುಕೊಂಡ. ಡಾಕ್ಟರು ಸುತ್ತಿಗೆ ಅಂದುಕೊಂಡರು. ತರಾತುರಿ ಕಣ್ಣು ಮುಚ್ಚಿದ್ದಂತೆಯೇ ನಗುತ್ತಾ ಕೂಗಿದ, "ಯಾರ್ರೋ ಅದು, ಇಷ್ಟು ಚೆನ್ನಾಗಿ ಮಾಡ್ತಿರೋದು?"

ಕೇಳದಿದ್ದವನು ಕಿವಿಯಣ್ಣ ಒಬ್ಬನೇ. ಆದರೆ ಬೆಲ್ಟಿನ ಅಂಚು ಪುಲ್ಲಿಯಿಂದ ಹೊರಗೆ ತೆವಳುತ್ತಿದ್ದದ್ದನ್ನು ಕಂಡವನೂ ಅವನೊಬ್ಬನೇ. ಮೊದಲು ಒಂದು ಎಳೆ, ಆಮೇಲೆ ಎರಡು. "ಕೈ ತೆಗಿ" ಅನ್ನಲು ಎಷ್ಟು ಹೊತ್ತು ಬೇಕೋ ಅದರ ಎರಡರಷ್ಟು ಹೊತ್ತು ಅವನಿಗೆ ಸಿಕ್ಕಿತ್ತು.

ಬೆಲ್ಟು ಕಳಚಿ ಬಂದು ಸ್ಕ್ರೂಡ್ರೈವರನ್ನು ಸುತ್ತಿಕೊಂಡಿತು, ಅದನ್ನು ಹಿಡಿದಿದ್ದ ಕೈಯನ್ನೂ ಎಳೆದುಕೊಂಡಿತು. ತರಾತುರಿ ಚೀರಿದ. ಡಾಕ್ಟರಿಗೆ ಮೊದಲು ಅದೂ ನಾಟಕದ ಭಾಗವೇ ಅನ್ನಿಸಿ ಕಾಲು ತೆಗೆಯುವುದು ತಡವಾಯಿತು. ಎಂಜಿನ್ ನಿಂತಾಗ ತರಾತುರಿ ಬಂಪರಿಗೆ ಒರಗಿ ಕೂತು ತನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದ. ತೋರುಬೆರಳೂ ನಡುಬೆರಳೂ ಇರಬೇಕಾದ ಹಾಗೆ ಇರಲಿಲ್ಲ. ಮೊದಲು ಓಡಿ ಹೋಗಿ ಆ ಕೈಗೆ ಬಟ್ಟೆ ಸುತ್ತಿ ಎತ್ತಿ ಹಿಡಿದವನು ಕಿವಿಯಣ್ಣನೇ.

ಆಸ್ಪತ್ರೆಯಲ್ಲಿ ಎರಡು ಬೆರಳನ್ನೂ ತೆಗೆದರು. ಮಧ್ಯಾಹ್ನದ ಹೊತ್ತಿಗೆ ವಾರ್ಡಿನ ತುಂಬ ಗ್ಯಾರೇಜಿನವರೇ ಇದ್ದರು, ಎಲ್ಲರ ಬಾಯಲ್ಲೂ ಒಂದೇ ಮಾತು. "ಕಿವಿಯಣ್ಣನ ಕಿವಿ ಮೊದಲಿನ ಹಾಗಿದ್ದಿದ್ರೆ ಆ ಸದ್ದನ್ನ ಹಿಡೀತಿದ್ರು, ಪಾಪ," ಅಂದ ಸುತ್ತಿಗೆ. "ಅವರನ್ನ ನೋಡಿ ನಕ್ಕಿದ್ದಕ್ಕೆ ನಮಗೆ ಆಗ್ಬೇಕಾದ್ದೇ ಆಯ್ತು." ಹಲ್ಲಿನ ಡಾಕ್ಟರು ಕಿವಿಯಣ್ಣನ ಎರಡೂ ಕೈ ಹಿಡಿದುಕೊಂಡು ಕ್ಷಮೆ ಕೇಳಿದರು. ಕಿವಿಯಣ್ಣ ಅವರನ್ನು ಸಮಾಧಾನ ಮಾಡಿದ.

ತರಾತುರಿ ಬಿಳಿಚಿಕೊಂಡು ಮಲಗಿದ್ದ. ಭಾವನನ್ನು ಕಂಡು ಕಣ್ಣಲ್ಲಿ ನೀರು ತಂದುಕೊಂಡ. "ಬೋಲ್ಟ್ ಬಿಗಿ ಮಾಡಿದ್ದೆ ಅಂದ್ಕೊಂಡೆ ಭಾವ. ನೆನಪೇ ಇಲ್ಲ. ನಿಮ್ಮ ಸ್ಕೂಟರ್ ಬಂತು, ಓಡಿದೆ... ಈ ಕೈಯಲ್ಲಿ ಇನ್ನು ಸ್ಪ್ಯಾನರ್ ಹಿಡಿಯೋ ಹಾಗಿಲ್ಲ. ಮುಂದಿನ ಜಾಗ ನೀವೇ ನೋಡ್ಕೊಳ್ಳಿ. ಗೋಡೌನ್‌ನಲ್ಲಿ ನಾನು ಕೂರ್ತೀನಿ."

"ಮೊದ್ಲು ವಾಸಿಯಾಗು," ಅಂದ ಕಿವಿಯಣ್ಣ. ಅವನ ಹೊದಿಕೆ ಸರಿಮಾಡಿ ಹೊರಗೆ ಬಂದ.

ಕಾರಿಡಾರಿನ ಕಬ್ಬಿಣದ ಕುರ್ಚಿಯಲ್ಲಿ ಹೆಂಡತಿ ಕೂತಿದ್ದಳು. ಪಕ್ಕದ ಕುರ್ಚಿಯಲ್ಲಿ ಅವನೂ ಕೂತ. ಎದುರಿನ ಗೋಡೆಯಲ್ಲಿ ಲಿಫ್ಟಿನ ಬಾಗಿಲು ತೆರೆಯುತ್ತಾ ಮುಚ್ಚುತ್ತಾ ಇತ್ತು. ಪ್ರತಿ ಸಲ ಅದು ಗಂಟೆ ಹೊಡೆಯುತ್ತಿರಬೇಕು, ಜನ ತಲೆಯೆತ್ತಿ ನೋಡುತ್ತಿದ್ದರು.

"ನಾನೇ ಹೇಳಿದ್ದು ಅವನಿಗೆ," ಅಂದಳು ಅವಳು ನೆಲ ನೋಡುತ್ತಾ. "ಹೋದ ವಾರ. ಭಾವನಿಗೆ ಸಣ್ಣ ಸದ್ದು ಕೇಳಲ್ಲ ಕಣೋ, ಓಡೋ ಎಂಜಿನ್ ಹತ್ರ ಒಬ್ಬರನ್ನೇ ಬಿಡ್ಬೇಡ, ಕೈಗೆ ಏನಾದ್ರೂ ಆದೀತು ಅಂದೆ. ನಿಮ್ಮ ಬೆರಳು ಉಳೀಲಿ ಅಂತ ಹೇಳಿದ್ದು ರೀ. ಅವನು ಹೀಗೆ ಮಾಡ್ತಾನೆ ಅಂತ ನಂಗೆ ಗೊತ್ತಿರಲಿಲ್ಲ."

ಕಿವಿಯಣ್ಣ ತನ್ನ ಹತ್ತು ಬೆರಳುಗಳನ್ನು ನೋಡಿಕೊಂಡ. ಉಗುರಿನ ಸಂದಿಯಲ್ಲಿ ಗ್ರೀಸು ಇತ್ತು, ಅದರ ಮೇಲೆ ಒಣಗಿದ ರಕ್ತ ಇತ್ತು.

ಅವಳು ಅವನ ಕಡೆ ತಿರುಗಿದಳು. ಗ್ಯಾರೇಜಿನವರಿಗೆ ಯಾರಿಗೂ ಗೊತ್ತಿಲ್ಲದ್ದು ಅವಳಿಗೆ ಗೊತ್ತಿತ್ತು, ಅವನ ಕಿವಿ ಎಲ್ಲಿಗೆ ಇಳಿದಿದೆ ಅನ್ನುವುದು.

"ಅವರೆಲ್ಲ ಕಾಫಿಗೆ ಹೋದಾಗ ನೀವು ಗಾಡಿ ಹತ್ರಾನೇ ಇದ್ರಂತೆ," ಅಂದಳು. ಅವಳ ಆ ಗಡಸು ದನಿ ಎಂದಿನಂತೆ ತಗ್ಗಿಯೇ ಇತ್ತು. "ಆ ಪುಲ್ಲಿ ಮೇಲೆ ಕೈ ಇಟ್ಟಿದ್ರಾ?"

ಕಿವಿಯಣ್ಣ ಲಿಫ್ಟಿನ ಬಾಗಿಲನ್ನೇ ನೋಡುತ್ತಿದ್ದ. ಅದು ಮುಚ್ಚುವವರೆಗೂ ನೋಡಿದ.

"ಏನಂದೆ?" ಅಂದ. "ಕೇಳಿಸ್ಲಿಲ್ಲ."

ಅವಳು ಎರಡನೇ ಸಲ ಕೇಳಲಿಲ್ಲ. ಅವನ ತೊಡೆಯ ಪಕ್ಕದಲ್ಲಿದ್ದ ತನ್ನ ಕೈಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು.